ತೇರು ಮತ್ತು ಸರ್ವರು: ತಂತ್ರಾಂಶ-ಗುಣಾಪೇಕ್ಷಾ-ಸ್ವಯಂಪರೀಕ್ಷಣ-ಮೀಮಾಂಸೆ

ತಂತ್ರಾಂಶ ಏನು ಮಾಡಬೇಕು ಎಂಬುದು ಕಾರ್ಯಾಪೇಕ್ಷೆ. ಎಷ್ಟು ಬೇಗ, ಎಷ್ಟು ಜನಕ್ಕೆ, ಎಷ್ಟು ಹೊತ್ತು ಬೀಳದೆ ಮಾಡಬೇಕು ಎಂಬುದು ಗುಣಾಪೇಕ್ಷೆ. ತಂತ್ರಾಂಶದ ಗುಣಪ್ರಭೇದಗಳು ಐಎಸ್‌ಒ 25010 ಮಾನಕದ 2011ರ ಪಾಠದಲ್ಲಿ ಎಂಟು, 2023ರ ಪಾಠದಲ್ಲಿ ಒಂಬತ್ತು. ಹೊಸದಾಗಿ ಸೇರಿದ್ದು, ಯಾರಿಗೂ ಅಪಾಯವಾಗಬಾರದು ಎಂಬ ಗುಣ. ಕೊಟ್ಟೂರಿನ ಜಾತ್ರೆಯಲ್ಲಿ ಕೊಟ್ಟೂರೇಶ್ವರನ ತೇರು ಬಿದ್ದದ್ದು 2017ರ ಫೆಬ್ರುವರಿ 21ರಂದು. ಆಗಿನ್ನೂ ಆ ಗುಣ ಶಾಸ್ತ್ರದ ಪಟ್ಟಿಗೆ ಸೇರಿರಲಿಲ್ಲ.

ಪ್ರಥಮ ಪ್ರಭೇದ, ಭಾರಸಹಿಷ್ಣುತ್ವ. ಕೊಟ್ಟೂರಿನಲ್ಲಿ ಇದನ್ನು ಮಿಣಿ ಹಿಡಿದವರು, ಉತ್ತತ್ತಿ-ಬಾಳೆಹಣ್ಣು ತೂರುವವರು, ದಾವಣಗೆರೆಯಿಂದ ನಡೆದುಬಂದವರು ಎಲ್ಲ ಕೂಡಿ ಎಲ್ಲರ ಕಣ್ಣೆದುರೇ ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲಿ ಎಲ್ಲರೂ ಮಲಗಿದ ಮೇಲೆ ಯಂತ್ರವೇ ಯಂತ್ರವನ್ನು ಪರೀಕ್ಷಿಸಿ ಬೆಳಿಗ್ಗೆ ಪಾಸಾಯಿತೆಂದು ಹಸಿರು ದೀಪ ತೋರಿಸುತ್ತದೆ. ದ್ವಿತೀಯ ಪ್ರಭೇದ, ಪ್ರತಿಕ್ರಿಯಾಶೀಘ್ರತ್ವ: ಗುಂಡಿ ಒತ್ತಿದಾಗ ಚಕ್ರ ತಿರುಗುವುದು ಕಂಡರೆ ಸಾಕು. ಉಳಿದವನ್ನು ಯಾವ ಮ್ಯಾನೇಜರೂ ಓದಿಲ್ಲ, ನಾವೂ ಬಿಡೋಣ.

ಇನ್ನು ಸಾಂಘಿಕತಾ ಪ್ರಕರಣ. ತೇರಿಗೆ ಸನ್ನೆ ಹಾಕುವವನು ಗಾಲಿಯ ಪಕ್ಕದಲ್ಲೇ ಇರುತ್ತಾನೆ. ಲೆಕ್ಕ ತಪ್ಪಿದರೆ ಮೊದಲು ಹೋಗುವುದು ಅವನ ಕಾಲು. ಕಂಪನಿಯಲ್ಲಿ ಕೋಡ್ ಬರೆಯುವವರದು ಒಂದು ತಂಡ, ಟೆಸ್ಟ್ ಬರೆಯುವವರದು ಇನ್ನೊಂದು, ಸರ್ವರ್ ಕಾಯುವವರದು ಮತ್ತೊಂದು. ಬಿದ್ದಾಗ ಮೂರೂ ತಂಡ ಒಕ್ಕೊರಲಿನಿಂದ 'ನಮ್ಮ ಕಡೆ ಪಾಸಾಗಿದೆ' ಎನ್ನುತ್ತವೆ. ಈ ಒಗ್ಗಟ್ಟಿಗೇ ಟೀಮ್‌ವರ್ಕ್ ಎಂದು ಹೆಸರು. ಇದಕ್ಕೆ ವರ್ಷಕ್ಕೊಮ್ಮೆ ರೆಸಾರ್ಟಿನಲ್ಲಿ ತರಬೇತಿಯೂ ಉಂಟು.

ಭಾರಸಹಿಷ್ಣುತ್ವಕ್ಕೊಂದು ಉದಾಹರಣೆ: 2023ರ ಜೂನ್ 18ರಂದು ಕರ್ನಾಟಕ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಯಿತು. 200 ಯೂನಿಟ್‌ವರೆಗೆ ಕರೆಂಟು ಪುಕ್ಕಟೆ ಅಂದರೆ ರಾಜ್ಯದ ಜನವೆಲ್ಲ ಬರುತ್ತಾರೆಂದು ಊಹಿಸಲು ಸಂಶೋಧನೆ ಬೇಕಿರಲಿಲ್ಲ. ಜನ ಬಂದರು, ಸರ್ವರು ಕೈಕೊಟ್ಟಿತು.

ಮೀಮಾಂಸೆ ಸಾಕು. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಮುದುಕಿಗೆ 'ಸರ್ವರ್ ಇಲ್ಲ ಯಮ್ಮಾ, ನಾಳಿ ಬಾ' ಅನ್ನುತ್ತಾರಲ್ಲ, ಆ ನಾಳೆ ಯಾರಪ್ಪನದು? ಸರ್ವರ್ ಇದ್ದರೂ, ಕಳೆ ಕಿತ್ತು ಸವೆದ ಅವಳ ಹೆಬ್ಬೆರಳನ್ನು ಬೆರಳಚ್ಚಿನ ಯಂತ್ರ ಒಪ್ಪುವುದಿಲ್ಲ. ಟೆಸ್ಟಿನೊಳಗಿನ ಕೃತಕ ಬಳಕೆದಾರನಿಗೆ ಹೆಬ್ಬೆರಳು ಸವೆಯುವುದಿಲ್ಲ, ಕೂಲಿ ತಪ್ಪುವುದಿಲ್ಲ, ಬಿಸಿಲು ತಾಗುವುದಿಲ್ಲ. ಅವನ ಹೆಸರಲ್ಲಿ ಹತ್ತಿದ ಹಸಿರು ದೀಪಕ್ಕೆ ಇವಳು ದಿನಗೂಲಿ ತೆರುತ್ತಾಳೆ. ಅವಳು ಕಳೆದುಕೊಂಡ ದಿನಕ್ಕೆ ನಿಮ್ಮ ವರದಿಯಲ್ಲಿ ಕಾಲಮ್ಮೇ ಇಲ್ಲ.

ಟೆಸ್ಟ್ ಬರೆಯುವ ಮಹನೀಯರೇ, ಮುಂದಿನ ಲೋಡ್ ಟೆಸ್ಟಿಗೆ ಕೊಟ್ಟೂರಿಗೆ ಬನ್ನಿ. ಮಂಡಕ್ಕಿ-ಮೆಣಸಿನಕಾಯಿ ನಾವು ಕೊಡಿಸುತ್ತೇವೆ. ಸರದಿಯ ಕೊನೆಯಲ್ಲಿ ನಿಂತವಳ ಚೀಲ ತುಂಬುವವರೆಗೆ ಆ ದೀಪವನ್ನು ಕೆಂಪಗೇ ಬಿಡಿ.