ಬಿಸ್ಕೀಟು ಮಾಸ್ತರರು

ಹಬ್ಬ ಸಮೀಪಿಸಿದಾಗ ಸೇಡಮ್ಮಿನ ಬೇಕರಿಯ ಹಿಂಬಾಗಿಲಿಗೆ ಹೋದವರು, ಮೈದಾ, ಸಕ್ಕರೆ, ಡಾಲ್ಡಾಗಳನ್ನು ಡಬ್ಬಿಗಳಲ್ಲಿ ಹೊತ್ತು ತಂದು, ಕೂಲಿ ಕೊಟ್ಟು ಭಟ್ಟಿಯಲ್ಲಿ ಬಿಸ್ಕೀಟು ಸುಡಿಸಿಕೊಳ್ಳುವ ಗೃಹಿಣಿಯರ ನಡುವೆ, ಎಡಗೈಯಲ್ಲಿ ಧೋತರದ ಚುಂಗನ್ನೂ ಬಲಗೈಯಲ್ಲಿ ಶಂಕಾಸ್ಪದವಾದ ಪೊಟ್ಟಣವೊಂದನ್ನೂ ಹಿಡಿದು ನಿಂತ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರನ್ನು ಕಾಣದೆ ಹಿಂದಿರುಗಲಾರರು.

ವರ್ಗಾವಣೆಯ ಕೃಪೆಯಿಂದ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೀರು ಕುಡಿದ ಮಾಸ್ತರರಿಗೆ ಊರಿಗೊಬ್ಬ, ಭಾಷೆಗೊಬ್ಬ ಮಿತ್ರ. ಅನ್ಯರು ಸ್ನೇಹವನ್ನು ಪತ್ರಮುಖೇನ ಪೋಷಿಸಿದರೆ ಇವರು ಬಿಸ್ಕೀಟುಮುಖೇನ ಪೋಷಿಸುವರು. ಸಿಹಿಯೊಳಗೆ ಉಪ್ಪನ್ನು ಹುದುಗಿಸಿದ ಉಸ್ಮಾನಿಯಾ ಬಿಸ್ಕೀಟಿಗೆ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರು ಸಲ್ಲಬಹುದಾದರೆ, ತಮ್ಮ ಗೆಳೆಯರ ಹೆಸರು ಸಲ್ಲಬಾರದೇಕೆ ಎಂಬ ಅವರ ಪ್ರಶ್ನೆಗೆ ಇದುವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಬಾಯಲ್ಲಿ ಬಿಸ್ಕೀಟಿರುವಾಗ ಕೊಡುವುದು ಸುಲಭವೂ ಅಲ್ಲ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹರಿದಂದಿನಿಂದ ಆ ಜಂಕ್ಷನ್ನಿನಲ್ಲಿ ಬೆರೆಯುತ್ತ ಬಂದ ಭಾಷೆಗಳೆಲ್ಲ ತಮ್ಮ ಕಣಕದಲ್ಲಿಯೂ ಬೆರೆಯತಕ್ಕದ್ದೆಂಬುದು ಅವರ ಸಿದ್ಧಾಂತ. ವಾಡಿಯ ಮರಾಠಿ ಗಾರ್ಡ್ ಸಾಹೇಬರಿಗೆ ಕಾಳಾ ಮಸಾಲೆಯದು. ಚಿಂಚೋಳಿಯ ತೆಲುಗು ಮಿತ್ರರಿಗೆ ಪುಂಡಿಪಲ್ಯದ ಹುಳಿಯದು. ಶಹಾಬಾದದವರಿಗೆ ಮಾತ್ರ, ಅಲ್ಲಿಯ ಹಾಸುಗಲ್ಲಿನ ಪ್ರಸ್ತಾಪಕ್ಕೆ ಯಾರಿಗೂ ಎಡೆಯಾಗದಿರಲೆಂದು, ಡಾಲ್ಡಾ ಇಮ್ಮಡಿ. ಚಿತ್ತಾಪುರದ ಉರ್ದು ಶಿಕ್ಷಕರಿಗಾಗಿ ಶಾಹಿಜೀರಿಗೆ ಹಾಕಿ ಮಾಡಿಸಿದ್ದು ದೈವವಶಾತ್ ರುಚಿಯಾಗಿಬಿಟ್ಟು, ಓಣಿಯ ಮಕ್ಕಳು ಡಬ್ಬಿಯನ್ನು ಸಾಯಂಕಾಲದೊಳಗೆ ಬರಿದು ಮಾಡಿದಾಗ ಮಾಸ್ತರರು ಖಿನ್ನರಾದರು: "ಇದರಾಗ ಪ್ರಯೋಗ ಏನೂ ಉಳೀಲಿಲ್ರೀ."

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಒಂದು ಕಾಲಕ್ಕೆ ಘಟಿಕಾಸ್ಥಾನವಿದ್ದು ನಾನಾ ಶಾಸ್ತ್ರಗಳು ಬೋಧಿಸಲ್ಪಡುತ್ತಿದ್ದುವೆಂಬುದನ್ನು ಅವರು ಭಟ್ಟಿಯ ಮುಂದೆ ಅಡಿಗಡಿಗೆ ಸ್ಮರಿಸುವರು. ಕೆಂಡ ಕೆದಕುತ್ತಿದ್ದ ಚಾಚಾ ಒಮ್ಮೆ ಪೊಟ್ಟಣವನ್ನು ಮೂಸಿ ನೋಡಿ, "ಮಾಸ್ತರ್ ಸಾಬ್, ಇದು ಭಟ್ಟಿ ಅದರಿ, ದವಾಖಾನಿ ಅಲ್ಲ" ಎಂದರೂ ತಟ್ಟೆಯನ್ನು ಒಳಕ್ಕೆ ತಳ್ಳದಿರಲಿಲ್ಲ. ಆತನ ಮಗನಿಗೆ ಕನ್ನಡದ ಅಕ್ಷರ ತಿದ್ದಿಸಿದವರು ಇದೇ ಮಾಸ್ತರರು. ಇಂಥ ಋಣವಿಲ್ಲದ ಭಟ್ಟಿ ತಾಲೂಕಿನಲ್ಲಿ ಮತ್ತೊಂದಿದ್ದಿದ್ದರೆ ಚಾಚಾ ಅವರನ್ನು ಸಂತೋಷದಿಂದ ಅಲ್ಲಿಗೆ ಕಳುಹಿಸಿಕೊಡುತ್ತಿದ್ದನೆಂದು ನನ್ನ ನಂಬುಗೆ.

ಮಿತ್ರರಾದರೋ ದಾಕ್ಷಿಣ್ಯದಿಂದ ತಿನ್ನುವರು, ತಿಂದು ಹೊಗಳುವರು, ಹೊಗಳಿದ ತಪ್ಪಿಗೆ ಮತ್ತೊಂದು ಡಬ್ಬಿಯನ್ನು ಪಡೆಯುವರು. ಗಾರ್ಡ್ ಸಾಹೇಬರು ತಮ್ಮ ಪಾಲನ್ನು ತೆಲುಗು ಮಿತ್ರರಿಗೂ, ಅವರು ತಮ್ಮದನ್ನು ಶಹಾಬಾದಕ್ಕೂ ಸಾಗಿಸುವುದರಿಂದ, ಹಿಂದೆ ಪರಸ್ಪರ ಮುಖಪರಿಚಯವೂ ಇಲ್ಲದಿದ್ದವರಲ್ಲಿ ಈಗ ಗಾಢವಾದ ಮೈತ್ರಿ ಬೆಳೆದಿದೆ.

ಮೊನ್ನೆ ವಾಡಿಯ ಸಿಮೆಂಟ್ ಕಾರ್ಖಾನೆಗೆ ಬಂಗಾಳದ ಇಂಜಿನಿಯರರೊಬ್ಬರು ಬಂದಿಳಿದರಂತೆ. ಮಾಸ್ತರರೊಡನೆ ಚಹಾ ಕುಡಿಯುತ್ತ ತಮ್ಮ ಊರಿನ ಅಡಿಗೆಯನ್ನು ಮುಗ್ಧಮನದಿಂದ ವರ್ಣಿಸಿದರಂತೆ. ಮರುದಿನವೇ ಮಾಸ್ತರರು ಭಟ್ಟಿಗೆ ಬಂದು, ಡಾಲ್ಡಾದ ಬದಲು ಸಾಸಿವೆಯೆಣ್ಣೆ ಹಾಕಿದರೆ ಕಣಕ ಹದಕ್ಕೆ ಬರುವುದೇ ಎಂದು ವಿಚಾರಿಸಿ ಹೋದರೆಂದು ಚಾಚಾ ಎಲ್ಲರಿಗೂ ಮುಂಚಿತವಾಗಿಯೇ ತಿಳಿಸಿದ್ದಾನೆ.