ಯೋಗಾರಂಭಿ ಹೆಗಡೆಯವರು

ಶಿರಸಿಯ ಸೀಮೆಯಲ್ಲಿ ಹೆಗಡೆಯವರು ಎಂದಷ್ಟೇ ಹೇಳಿದರೆ ಯಾರ ಗುರುತೂ ಬಯಲಾಗುವುದಿಲ್ಲವಾದುದರಿಂದ, ದೇಹ, ಮನಸ್ಸು, ಆತ್ಮಗಳೆಂಬ ಮೂರರ ಉದ್ಧಾರಕ್ಕಾಗಿ ಯೋಗಾಭ್ಯಾಸವನ್ನು ಇನ್ನೇನು ತೊಡಗಲಿರುವ ಮಹನೀಯರೊಬ್ಬರನ್ನು ಆ ಹೆಸರಿನಿಂದಲೇ ಕರೆಯಲು ನನಗೆ ಸಂಕೋಚವಿಲ್ಲ. ನಾಲ್ಕು ಎಕರೆ ಅಡಿಕೆ ತೋಟ, ಅದಕ್ಕೆ ತಕ್ಕ ಸೊಪ್ಪಿನ ಬೆಟ್ಟ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುವ ಮಗ, ಆ ಮಗನು ದೀಪಾವಳಿಗೆ ಬಂದಾಗ ಸುರುಳಿ ಸುತ್ತಿ ತಂದ ನೇರಳೆ ಬಣ್ಣದ ರಬ್ಬರಿನ ಚಾಪೆ: ಇಷ್ಟು ಅವರ ಚರಸ್ಥಿರ ಸಂಪತ್ತು. ವೈದ್ಯರು ರಕ್ತದೊತ್ತಡವನ್ನು ಅಳೆದು, ಎರಡು ಗುಳಿಗೆಗಳನ್ನು ಬರೆದು, ಅವುಗಳ ಕೆಳಗೆ ಯೋಗವನ್ನೂ ಸೂಚಿಸಿದಂದಿನಿಂದ ಅವರು ಯೋಗಾರಂಭಿಗಳು. ಗುಳಿಗೆಗಳನ್ನು ಅಂದೇ ಆರಂಭಿಸಿದರು.

ಯೋಗಕ್ಕೆ ಮಾತ್ರ ಕಾಲ ಕೂಡಿಬರಬೇಕಷ್ಟೆ. ಆಷಾಢದಲ್ಲಿ ಶುಭಕಾರ್ಯ ಕೂಡದು. ಶ್ರಾವಣವು ಹಬ್ಬಗಳ ಮಾಸವಾದುದರಿಂದ ಪಾಯಸವುಂಡ ಉದರವನ್ನು ಮುಂದಕ್ಕೆ ಬಗ್ಗಿಸುವುದು ವಿವೇಕವಲ್ಲ. ಭಾದ್ರಪದದಲ್ಲಿ ಚೌತಿ, ಅದರ ಬೆನ್ನಿಗೆ ಪಿತೃಪಕ್ಷ. ನವರಾತ್ರಿ ದೀಪಾವಳಿಗಳು ಕಳೆಯುವಷ್ಟರಲ್ಲಿ ಕೊನೆಕೊಯ್ಲು ಬಂದು, ಅಂಗಳದಿಂದ ಅಟ್ಟದವರೆಗೆ ಅಡಿಕೆಯೇ ಹರಡಿಕೊಂಡು, ಮನುಷ್ಯನು ಕೈಕಾಲು ಚಾಚಲು ಎಡೆಯೇ ಇಲ್ಲದಂತಾಗುತ್ತದೆ. ಬಳಿಕ ಆಲೆಮನೆಯ ಕರೆಗಳು. ಎರಡು ವರ್ಷಗಳಿಗೊಮ್ಮೆ ಮಾರಿಕಾಂಬೆಯ ಜಾತ್ರೆ, ಆಗ ಚಾಪೆಗಳೆಲ್ಲ ನೆಂಟರ ಪಾಲು. ಅನಂತರ ಉಪನಯನ, ವಿವಾಹ, ಗೃಹಪ್ರವೇಶಗಳ ಸಾಲು. ಮೇ ತಿಂಗಳು ಮುಗಿಯಿತೆಂದರೆ ಕೊಳೆರೋಗಕ್ಕೆ ಮದ್ದು ಹೊಡೆಸುವ ಚಿಂತೆ. ಮೊದಲ ಮದ್ದು ಮಳೆಗಾಲಕ್ಕೆ ಮುನ್ನ, ಎರಡನೆಯದು 40–45 ದಿನಗಳ ಬಳಿಕ. ಇವೆರಡರ ನಡುವೆ, ಆರ್ದ್ರೆಯ ಮಳೆ ಹಿಡಿಯುವ ಸಂಧಿಯಲ್ಲಿ, ಶಿರಸಿಯ ಗೃಹಸ್ಥನಿಗೆ ಬೇರೆ ಕರ್ತವ್ಯವಿಲ್ಲದೆ ಉಳಿಯುವ ದಿನವೊಂದುಂಟು. ಅದೇ ಜೂನ್ 21. ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರ್ 11ರಂದು, 177 ರಾಷ್ಟ್ರಗಳ ಸಹಮತದೊಡನೆ, ಅದೇ ದಿನವನ್ನು ಯೋಗಕ್ಕೆ ಮೀಸಲಿರಿಸಿತು. ಉತ್ತರಾರ್ಧಗೋಲದ ದೀರ್ಘತಮ ಹಗಲೆಂಬುದು ಅದಕ್ಕೆ ಲೋಕವು ಹೇಳುವ ಕಾರಣ. ನಮ್ಮ ಕಡೆಯ ಪಂಚಾಂಗವನ್ನು ಯಾರೋ ಅಲ್ಲಿಗೆ ಮುಟ್ಟಿಸಿದ್ದಾರೆಂಬುದು ಹೆಗಡೆಯವರ ದೃಢವಾದ ಅಭಿಪ್ರಾಯ.

ಅಭ್ಯಾಸಕ್ಕೆ ಮುಹೂರ್ತ ಸಿಗದಿದ್ದರೂ ಅಧ್ಯಯನಕ್ಕೆ ಅಡ್ಡಿಯಿಲ್ಲವಷ್ಟೆ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು 1966ರಲ್ಲಿ ಪ್ರಕಟಿಸಿದ ‘ಲೈಟ್ ಆನ್ ಯೋಗ’ವನ್ನು ತರಿಸಿ, ಅದರೊಳಗಿನ 600ರಷ್ಟು ಛಾಯಾಚಿತ್ರಗಳನ್ನು ಅವರು ಆರಾಮಕುರ್ಚಿಯಲ್ಲಿ ಒರಗಿಕೊಂಡು ಪರಿಶೀಲಿಸಿದ್ದಾರೆ. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಪೀಡಿತರಾಗಿದ್ದರೆಂದು ಓದಿ ದೀರ್ಘವಾಗಿ ನಿಟ್ಟುಸಿರಿಟ್ಟು, ಅಂಥ ಅನುಕೂಲವು ತಮಗೆ ದೊರೆಯಲಿಲ್ಲವೆಂದರು. ಹಲಸು, ತುಪ್ಪ, ತೊಡದೇವುಗಳಿಂದ ಪುಷ್ಟವಾದ ಶರೀರವು ಯೋಗಕ್ಕೆ ಹಿಂದಿನಿಂದಲೂ ಪ್ರತಿಕೂಲವಂತೆ. ಪತಂಜಲಿಯಂತೂ ಅವರ ಪಕ್ಷದ ಸಾಕ್ಷಿ. 195 ಸೂತ್ರಗಳಲ್ಲಿ ಆಸನಕ್ಕೆ ಆ ಮುನಿಯು ಕೊಟ್ಟುದು ಮೂರೇ. ಅದರಲ್ಲಿಯೂ ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬುದೇ ಮುಖ್ಯವಿಧಿ. ಜಗಲಿಯ ಆರಾಮಕುರ್ಚಿಗೆ ಈ ಎರಡು ಲಕ್ಷಣಗಳೂ ಇಲ್ಲವೆಂದು ವಾದಿಸಲು ನಾನು ಯತ್ನಿಸಿದೆ. ತಾಳಮದ್ದಲೆಯ ಅರ್ಥಗಾರಿಕೆಯಲ್ಲಿ ಪಳಗಿದ ನಾಲಗೆಯನ್ನು ಎದುರಿಸುವುದು ಸುಲಭವಲ್ಲ.

ಪ್ರಾಣಾಯಾಮದ ವಿಷಯವು ಸ್ವಲ್ಪ ಜಟಿಲ. ಪೂರಕ, ಕುಂಭಕ, ರೇಚಕಗಳು ಒಂದಕ್ಕೆ ನಾಲ್ಕು, ನಾಲ್ಕಕ್ಕೆ ಎರಡು ಎಂಬ ಪ್ರಮಾಣದಲ್ಲಿರಬೇಕೆಂದು ಊರಿನ ಯೋಗಶಿಬಿರವೊಂದರ ಶಿಕ್ಷಕರು ತಿಳಿಸಿದಾಗ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಸಮಪ್ರಮಾಣದಲ್ಲಿ ಬೋರ್ಡೋ ದ್ರಾವಣವನ್ನು ಕಲಸಿದ ಕೈಗೆ ಈ ಲೆಕ್ಕವು ಹೊಂದಲಿಲ್ಲ. ಇಂಥ ಮಿಶ್ರಣದಿಂದ ಎಲೆ ಸುಟ್ಟೀತೆಂದು ಅವರು ಶಿಕ್ಷಕರನ್ನೇ ಎಚ್ಚರಿಸಿದರು. ಮತ್ತೊಂದು ವಿಘ್ನವೆಂದರೆ ಕವಳ. ಎಲೆ, ಅಡಿಕೆ, ಸುಣ್ಣ, ತಂಬಾಕುಗಳು ಬಾಯೊಳಗೆ ಏಕೀಭಾವವನ್ನು ಪಡೆದ ಮೇಲೆ, ಗಲ್ಲವನ್ನೆತ್ತಿ, ಕಣ್ಣನ್ನು ಅರ್ಧ ಮುಚ್ಚಿ, ಯಾರು ಏನು ಕೇಳಿದರೂ ಹೂಂಕಾರದಿಂದಲೇ ಉತ್ತರಿಸುತ್ತ ಅವರು ಕುಳಿತಿರುವ ಮೌನವು ಧ್ಯಾನವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಒಮ್ಮೆ ಅದೇ ಸ್ಥಿತಿಯಲ್ಲಿ ಕಪಾಲಭಾತಿಗೆ ತೊಡಗಿದಾಗ ಒಳಗಿನಿಂದ ಧರ್ಮಪತ್ನಿಯ ಧ್ವನಿ ಬಂದಿತು: “ಮೊದ್ಲು ಕವಳ ಉಗಿದಿಕ್ಕಿ ಬನ್ನಿ, ಉಸ್ರು ಬಿಡಕಾರೆ ಗ್ವಾಡೆ ಕೆಂಪಾಗ್ತು!” ಅಂದಿಗೆ ಕಪಾಲಭಾತಿಯು ಸಮಾಪ್ತವಾಯಿತು, ಕವಳವು ಮುಂದುವರಿಯಿತು.

ದೇಹದ ಭಾರವನ್ನು ವೈದ್ಯರಿಗೂ ಆತ್ಮದ ಭಾರವನ್ನು ಸ್ವರ್ಣವಲ್ಲೀ ಮಠಕ್ಕೂ ಒಪ್ಪಿಸಿದ ಅವರಿಗೆ ಉಳಿಯುವುದು ಮನಸ್ಸೊಂದೇ. ಅದನ್ನು ಭ್ರೂಮಧ್ಯದಲ್ಲಿ ನಿಲ್ಲಿಸಬೇಕೆಂದು ಶಿಕ್ಷಕರ ಉಪದೇಶ. ಆದರೆ 1923ರಿಂದ ಶಿರಸಿಯ ಬೆಳೆಗಾರನ ಚಿತ್ತವನ್ನು ತನ್ನತ್ತ ಸೆಳೆದುಕೊಂಡಿರುವ ತೋಟಗಾರ್ಸ್ ಸೊಸೈಟಿಯ ವ್ಯಾಪಾರಾಂಗಣವಿರುವಾಗ ಭ್ರೂಮಧ್ಯವು ಯಾರ ಲಕ್ಷ್ಯಕ್ಕೆ ಬಂದೀತು? ಸುಖದುಃಖಗಳಲ್ಲಿ ಹೆಗಡೆಯವರು ಸಮಚಿತ್ತರು, ಮಾನಾಪಮಾನಗಳಲ್ಲಿ ಬಹುಮಟ್ಟಿಗೆ ಸಮಚಿತ್ತರು. ಚಾಲಿ, ರಾಶಿ, ಬೆಟ್ಟೆ ಅಡಿಕೆಗಳ ದರವು ಮೊಬೈಲಿಗೆ ಬರುವ ಹೊತ್ತಿನಲ್ಲಿ ಮಾತ್ರ ಅವರ ಹತ್ತಿರ ಸಮಚಿತ್ತದ ಮಾತೆತ್ತಬಾರದು.

ಕೊನೆಕೊಯ್ಲಿನ ಒಂದು ಬೆಳಗಿನಲ್ಲಿ, ಐವತ್ತು ಅಡಿ ಎತ್ತರದಲ್ಲಿ ಅಂಗೈಯಗಲದ ಮಣೆಯ ಮೇಲೆ ಕುಳಿತು, ಒಂದು ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟುತ್ತಿದ್ದ ಕೊನೆಗೌಡನನ್ನು ತೋರಿಸಿ, ಯೋಗವೆಂದರೆ ಅದಲ್ಲವೆ ಎಂದು ನಾನು ಕೇಳಿದೆ. ಅವರು ಆ ಮಾತನ್ನು ಹೃತ್ಪೂರ್ವಕವಾಗಿ ಅನುಮೋದಿಸಿ, ಹಾಗೆ ದಾಟುವವನನ್ನು ಕೆಳಗಿನಿಂದ ಅವಿಚ್ಛಿನ್ನವಾಗಿ ನೋಡುತ್ತಿರುವುದಕ್ಕೆ ಸಾಕ್ಷೀಭಾವವೆಂದು ಹೆಸರೆಂದೂ, ಅದು ಆಸನಕ್ಕಿಂತ ಮೇಲಿನ ಭೂಮಿಕೆಯೆಂದೂ ತಿಳಿಸಿದರು.

ಜೂನ್ 21 ಬಂದಿತು. ಮೈದಾನವು ಕೆಸರಾದುದರಿಂದ ಕಲ್ಯಾಣಮಂಟಪದಲ್ಲಿ ಸಭೆ ಸೇರಿತು. ಹೆಗಡೆಯವರು ಶುಭ್ರವಾದ ಬಿಳಿಯ ಅಂಗಿಯನ್ನು ಧರಿಸಿ, ನೇರಳೆ ಚಾಪೆಯನ್ನು ಮೊದಲ ಸಾಲಿನಲ್ಲಿ ಬಿಡಿಸಿದರು. ತಾಡಾಸನವನ್ನು ಗೋಡೆಗೊರಗಿ ಪೂರೈಸಿದರು. ಪಶ್ಚಿಮೋತ್ತಾನದಲ್ಲಿ ಪಾದಗಳನ್ನು ದೂರದಿಂದಲೇ ವಂದಿಸಿದರು. ಶವಾಸನದಲ್ಲಿಯಾದರೋ ಸಮಸ್ತ ಸಭೆಗೂ ಆದರ್ಶಪ್ರಾಯರಾದರು. ಉಳಿದವರೆಲ್ಲರೂ ಎದ್ದು ಅವಲಕ್ಕಿಗೆ ಹೋದ ಮೇಲೂ ಅವರು ಆ ಸ್ಥಿತಿಯಿಂದ ಚ್ಯುತರಾಗಲಿಲ್ಲ. ಸ್ಥಳೀಯ ಪತ್ರಿಕೆಯ ಛಾಯಾಗ್ರಾಹಕನು ಕ್ಲಿಕ್ಕಿಸಿದ್ದು ಆ ಕ್ಷಣವನ್ನೇ. ಮರುದಿನ ಮುಖಪುಟದಲ್ಲಿ ಶ್ವೇತವಸ್ತ್ರಧಾರಿಗಳಾಗಿ, ನಿಮೀಲಿತನೇತ್ರರಾಗಿ, ಉತ್ತಾನರಾಗಿ ಮಲಗಿರುವ ಹೆಗಡೆಯವರ ಭಾವಚಿತ್ರವು ಅಚ್ಚಾಯಿತು. ಅಡಿಬರಹವು ಮಡಿಕೆಯ ಕೆಳಗೆ ಹೋಯಿತು.

ಸಿದ್ದಾಪುರದಿಂದ ಸೋದರತ್ತೆಯ ಮಕ್ಕಳು ಬಾಡಿಗೆ ಜೀಪು ಮಾಡಿಕೊಂಡು ಹೊರಟೇಬಿಟ್ಟರು. ಯಲ್ಲಾಪುರದ ಭಾವಯ್ಯನವರು ಫೋನು ಮಾಡಿದಾಗ ಅದನ್ನು ಎತ್ತಿದವರು ಸ್ವಯಂ ಹೆಗಡೆಯವರೇ. ಅತ್ತ ಕಡೆಯಲ್ಲಿ ಕೊಂಚ ಹೊತ್ತು ಕುಂಭಕ. ಬಳಿಕ, “ಭಾವಾ, ನೀನೇಯಾ ಮಾತಾಡ್ತಾ ಇಪ್ಪದು?” ತಾವೇ ಎಂಬುದನ್ನು ಸ್ಥಾಪಿಸಿ, ಶವಾಸನದ ಪರಮಾರ್ಥವನ್ನೂ ದೇಹ, ಮನಸ್ಸು, ಆತ್ಮಗಳ ಪರಸ್ಪರ ಸಂಬಂಧವನ್ನೂ ಹೆಗಡೆಯವರು ಸವಿಸ್ತಾರವಾಗಿ ನಿರೂಪಿಸಿದರು. ಭಾವಯ್ಯನವರು ಎಲ್ಲವನ್ನೂ ಸಾವಧಾನದಿಂದ ಆಲಿಸಿ, “ಅದಿರ್ಲಿ, ಚಾಲಿ ಎಷ್ಟಾತು?” ಎಂದರು. ಹೆಗಡೆಯವರು ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ, ಜೊತೆಗೆ ಕಳೆದ ವರ್ಷ ಇದೇ ವಾರದ ದರವನ್ನೂ, ಒಂದೇ ರೇಚಕದಲ್ಲಿ ಹೇಳಿ ಮುಗಿಸಿದರು.