ಹಿಂಡಬ್ಯಾಡ್ರಿ ಅಂದ್ರ ಕೇಳೂದಿಲ್ಲ!

(ಆಷಾಢದ ಜಿಟಿಜಿಟಿ. ಚಿಕ್ಕೋಡಿಯ ಮನೆಯೊಂದರ ಪಡಸಾಲೆ. ಬಿದಿರುಗಳದ ಮೇಲೆ ಜೋತು ಬಿದ್ದಿರುವ ನೀಲಿ ಬಣ್ಣದ ಹತ್ತಿನೂಲಿನ ಲಡಿಯೊಂದಿಗೆ ಮಾತುಕತೆ.)

ಇನ್ನೂ ಹಸಿ?

ಲಡಿ: ಹಸಿ ಇರದ ಏನ್ ಮಾಡ್ಲಿ? ಬಣ್ಣದ ಹಂಡೆಯಿಂದ ತಗದ ಕೂಡ್ಲೆ ಈ ಮನಿ ಅಕ್ಕಾರು ಹಿಡಿದು ಹಿಂಡಿದ್ರು. 840 ಗಜದ ಜೀವರೀ ಇದು, ನೆಲ ಒರಸೋ ಅರಿವಿ ಅಲ್ಲ. ತಿರುವಿ ಹಿಂಡಿದ್ರ ಎಳಿ ಸಿಕ್ಕಾಗ್ತಾವ, ಬಣ್ಣ ಪಟ್ಟಿಪಟ್ಟಿ ಆಗ್ತದ. ದಪ್ಪ ಟವೆಲ್‌ನ್ಯಾಗ ಸುತ್ತಿ ಒತ್ರಿ. ಇಲ್ಲಾ, ಜಾಳಿಗಿ ಚೀಲದಾಗ ಹಾಕಿ ವಾಷಿಂಗ್ ಮಷೀನ್ ಸ್ಪಿನ್‌ಗೆ ಕೊಡ್ರಿ. ಅರ್ಧ ಕೆಲಸ ಅಲ್ಲೇ ಮುಗೀತದ.

ಅರ್ಧ ಕೆಲಸ ಅಂದಿರಿ, ನೆನಪಾಯಿತು. 1997ರಲ್ಲಿ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚಿಕ್ಕೋಡಿ ಜಿಲ್ಲೆ ಎಂದು ಘೋಷಿಸಿ ಹಿಂದಕ್ಕೆ ತೆಗೆದುಕೊಂಡರು. ಗಾಡಿಗೆ ಕೆಎ-23, ಶಾಲೆಗೆ ಶೈಕ್ಷಣಿಕ ಜಿಲ್ಲೆ, ವೋಟಿಗೆ ಲೋಕಸಭಾ ಕ್ಷೇತ್ರ. ಡಿಸಿ ಮಾತ್ರ...

ಲಡಿ: ನಾ ಹಿಂಡೋದರ ಬಗ್ಗೆ ಹೇಳಾಕತ್ತಿದ್ದೆ.

ಹೇಳಿ. ಬಿಸಿಲಿಗೆ ಹಾಕಿದರೆ?

ಲಡಿ: ಎಲ್ಲೈತ್ರಿ ಬಿಸಿಲು? ಇದ್ರೂ ಬ್ಯಾಡ, ಬಣ್ಣ ತಿಂತದ. ನನಗ ಬೇಕಾದ್ದು ಗಾಳಿ. ಲಡಿಗೂ ಲಡಿಗೂ ನಡುವ ನಾಕು ಬೆರಳು ಜಾಗ, ಎದುರಿಗೆ ಟೇಬಲ್ ಫ್ಯಾನ್, ಆಗಾಗ ತಳದ್ದು ಮ್ಯಾಲ ಮಾಡಿ ತಿರುಗಿಸೋದು. ಇಲ್ಲಾಂದ್ರ ನೀರೆಲ್ಲ ಕೆಳಗಿಳಿದು ಅಲ್ಲೇ ಬಣ್ಣ ಕಪ್ಪಿಡತದ. ಕಿಟಕಿ ಮುಚ್ಚಿ ಒಲಿ ಹಚ್ಚಿದ್ರ ನನ್ನ ಹಬಿ ನನ್ನನ್ನೇ ಸುತ್ಕೊಂಡು ಕೂಡ್ತದ. ಇಷ್ಟು ಸಸಾರ ಕೆಲಸ ಬಿಟ್ಟು ಹಿಂಡ್ತಾರ!

ಗಿರಣಿಗಳು ಲಡಿಯಾಗಿ ಕಟ್ಟಿಕೊಡಬೇಕಾದ ನೂಲಿನ ಪಾಲನ್ನು ಕೇಂದ್ರ 2019ರಲ್ಲಿ ಶೇ. 40ರಿಂದ 30ಕ್ಕೆ ಇಳಿಸಿತು. ಲಡಿ ನೂಲನ್ನೇ ನಂಬಿದ ರಬಕವಿ-ಬನಹಟ್ಟಿಯ ಕೈಮಗ್ಗದವರಿಗೆ ಇದು ಪೆಟ್ಟಲ್ಲವೆ?

ಲಡಿ: ಇರಲಿ ಬಿಡ್ರಿ. ಆ ಅಕ್ಕಾರ ಕೈ ಬಿಗಿ ಎಷ್ಟೈತಿ ಗೊತ್ತೇನು?

ನಿಪ್ಪಾಣಿ ತಾಲ್ಲೂಕಾಯಿತು, ಕಾಗವಾಡ ತಾಲ್ಲೂಕಾಯಿತು. ಆದರೆ ಜಿಲ್ಲೆ...

ಲಡಿ: ಹಿಂಡಿಸಿಕೊಳ್ಳೋರಿಗೆ ತಾಲೂಕಾ ಏನು, ಜಿಲ್ಲಾ ಏನು?

ಅದಿರಲಿ, ಹಿಂಡಿದ ನೀರು ಎಲ್ಲಿಗೆ ಹೋಯಿತು?

ಲಡಿ: ಗಟಾರಕ್ಕ. ನಮ್ಮನಿದು ಒಂದು ಬಕೀಟು ಅಂತ ಸುಮ್ಮನಾಗಬಹುದು. ಮ್ಯಾಲ ಮಹಾರಾಷ್ಟ್ರದ ಇಚಲಕರಂಜಿಯೊಳಗ ಅರಿವಿಗೆ ಬಣ್ಣಾ ಹಾಕಿದ ನೀರು, ಊರ ಗಟಾರದ ನೀರು ಪಂಚಗಂಗಾಕ್ಕ ಬರ್ತದ. ಪಂಚಗಂಗಾ ನರಸೋಬಾವಾಡಿಯೊಳಗ ಕೃಷ್ಣಾಕ್ಕ ಕೂಡ್ತದ. ಕೃಷ್ಣಾ ಕಾಗವಾಡ, ಅಥಣಿ, ರಾಯಬಾಗದ ಮಂದಿ ಕೊಡಕ್ಕ ಬರ್ತದ. ಬ್ಯಾಸಿಗ್ಯಾಗ ಹೊಳಿ ಬತ್ತಿದ್ರ ಕೊಯ್ನಾ ಡ್ಯಾಮಿನ ನೀರು ಬಿಡ್ರೆಪ್ಪಾ ಅಂತ ಕೈ ಮುಗೀಬೇಕು. 2019ರ ಆಗಸ್ಟ್‌ನ್ಯಾಗ ಯಾರೂ ಕರೀಲಿಲ್ಲ, ಹೊಳಿ ತಾನೇ ಮನಿಯೊಳಗ ಬಂದು ಕುಂತಿತು. ಪಂಚಗಂಗಾದಾಗ ಮೀನು ಸತ್ತು ತೇಲಿದ್ರ ಪೇಪರಿನ್ಯಾಗ ಬರ್ತದ. ಆ ನೀರು ಕುಡಿದ ಕೂಸು ರಾತ್ರಿ ಎಲ್ಲಾ ಅತ್ರ ಯಾವ ಪೇಪರಿನ್ಯಾಗ ಬರ್ತದ್ರಿ? ಬಣ್ಣದ ಸೀರಿ ಉಡೋರು ಒಬ್ಬರು, ಬಣ್ಣ ಕುಡಿಯೋರು ಇನ್ನೊಬ್ಬರು. ಇದನ್ನ ಯಾರ ಮುಂದ ಹೇಳೂನು?

ನಾನು ಹೇಳುವುದೂ ಅದನ್ನೇ! ಹೇಳಿಕೊಳ್ಳಲು ಅಥಣಿಯವನು ನೂರು ಕಿಲೋಮೀಟರ್ ದಾಟಿ ಜಿಲ್ಲಾಕೇಂದ್ರ ಬೆಳಗಾವಿಗೆ ಹೋಗಬೇಕು. ಚಿಕ್ಕೋಡಿಯಲ್ಲೇ ಒಬ್ಬ ಡಿಸಿ ಇದ್ದಿದ್ದರೆ...

ಲಡಿ: ಕೈಯಾಗ ಅದೇನ್ರಿ?

ಜಿಲ್ಲೆಗಾಗಿ ಮನವಿಪತ್ರ. ಯಾವಾಗಲೂ ಇಟ್ಟುಕೊಂಡಿರುತ್ತೇನೆ.

ಲಡಿ: ಹಾಳಿ ದಪ್ಪ ಐತಲ್ಲ. ಹಂಗ ಸ್ವಲ್ಪ ಸನೇ ಬಂದು ಬೀಸ್ರಿ. ಕರೆಂಟ್ ಹೋಗಿ ತಾಸಾತು.